ಭಾವ ಹೊಲಿದ ಬಿರಡೆ

ನಮ್ಮ ಭಾವ ದರ್ಜಿ. ಒಳ್ಳೆಯ ದರ್ಜಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಯಾವ ವಸ್ತುವೂ ಬರಿಮೈಯಲ್ಲಿರುವುದು ಅವರಿಗೆ ಆಗಿಬರುವುದಿಲ್ಲ. ಮಿಕ್ಸಿಗೆ ಅಂಗಿ, ಟಿವಿಗೆ ಅಂಗಿ, ಗ್ಯಾಸ್ ಸಿಲಿಂಡರಿಗೆ ಜೇಬಿರುವ ಅಂಗಿ. ಆ ಜೇಬಿನಲ್ಲಿ ಏನಿಡಬೇಕೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಹಳೇ ಕಾರಿನ ಸೈಲೆನ್ಸರ್ ಬಾಯಿ ತೆರೆದುಕೊಂಡು ನಿಂತಿದ್ದರೆ ಅವರು ಸುಮ್ಮನಿರುತ್ತಾರೆಯೇ? ಒಮ್ಮೆ ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದೇ ನೆಪವಾಯಿತು. ಟೇಪು ಹಿಡಿದು ಅಳತೆ ತೆಗೆದರು. ಕೋಟಿನ ಬಟ್ಟೆಯೊಳಗೆ ಹತ್ತಿ ತುಂಬಿ, ಹಿಡಿದೆಳೆಯಲು ಒಂದು ಬಾಲವಿಟ್ಟು, ಸೈಲೆನ್ಸರ್ ಬಾಯಿಗೆ ಬಿರಡೆ ಹೊಲಿದರು. ಸಂಜೆ ತುರುಕುವುದು, ಬೆಳಗ್ಗೆ ಎಳೆದು ತೆಗೆಯುವುದು, ಇದು ಅವರ ನೇಮ.

ಅಕ್ಕ ಮದುವೆಯಾದಾಗಿನಿಂದ ಅದೇ ಅಂಗಡಿಯಲ್ಲಿ ಭಾವನ ಪಕ್ಕ ಕೂತು ಗುಂಡಿ ಹಾಕುತ್ತ ಬಂದವಳು. ಈಗ ಗ್ರಂಥಾಲಯದವರು ಪುಸ್ತಕದ ವ್ಯಾನ್ ಓಡಿಸಲು ಅವಳನ್ನು ಆರಿಸಿದ್ದರು. ಲೈಸೆನ್ಸ್ ತಂದು ತೋರಿಸಲು ಅವತ್ತೇ ಕೊನೆಯ ದಿನ, ಅವತ್ತು ಬೆಳಗ್ಗೆಯೇ ಪರೀಕ್ಷೆ. ತಪ್ಪಿದರೆ ಕೆಲಸ ಇನ್ನೊಬ್ಬರ ಪಾಲು. ಅಕ್ಕನಿಗೆ ಧೈರ್ಯ ಹೇಳಲೆಂದು ನಾನು ಬೆಳಗಾಗುತ್ತಲೇ ಅವರ ಮನೆಗೆ ಬಂದಿದ್ದೆ.

ಅಕ್ಕ ಕೀ ತಿರುಗಿಸಿದಳು. ಕಾರು ಕೆಮ್ಮಿ ಸುಮ್ಮನಾಯಿತು.

"ಏನ್ರೀ, ಬಿರಡೆ ತೆಗೆದ್ರಾ?"

ಭಾವ ಕುತ್ತಿಗೆ ಕೆರೆದುಕೊಂಡರು. "ಅಯ್ಯೋ, ಅದಕ್ಕೇನಂತೆ! ಒಂದು ಸಲ ಎಳೆದ್ರೆ ಆಯ್ತು."

ಎಳೆದರು. ಬಾಲ ಕೈಗೆ ಬಂತು, ಬಿರಡೆ ಒಳಗೇ ಉಳಿಯಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಭಾವ ಮಾತ್ರ ಬಾಲವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಬಟ್ಟೆ ಹರಿದಿದೆ ಅಷ್ಟೆ. ಹೊಲಿಗೆ ಬಿಚ್ಚಿಲ್ಲ, ನೋಡು ಬೇಕಾದ್ರೆ," ಎಂದು ನನಗೆ ತೋರಿಸಿದರು.

ನನಗೆ ಪಿತ್ತ ನೆತ್ತಿಗೇರಿತು. "ಭಾವ, ಹೊಲಿಗೆ ಹೊಗಳ್ಕೊಳ್ಳೋ ಹೊತ್ತಾ ಇದು? ಮೊದ್ಲು ಅದನ್ನ ಹೊರಗೆ ತೆಗೀರಿ!"

ಕತ್ತರಿ ಬಂತು, ಛತ್ರಿಯ ಕಡ್ಡಿ ಬಂತು, ಬಟ್ಟೆ ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ ಅದಕ್ಕೊಂದು ಕೊಕ್ಕೆಯೂ ಬಂತು. ಭಾವ ನೆಲದ ಮೇಲೆ ಅಂಗಾತ ಮಲಗಿ ಕೆದಕಿದರು, ಬೋರಲು ಮಲಗಿ ಕೆದಕಿದರು. ಮಸಿ ಉದುರಿತು, ಹಳೇ ಗೂಡಿನ ಮಣ್ಣು ಉದುರಿತು, ಹತ್ತಿಯ ಚೂರು ಬಂತು. ಬಿರಡೆ ಮಾತ್ರ ಕೆದಕಿದಷ್ಟೂ ಒಳಕ್ಕೆ ಹೋಯಿತು. "ಏನು ಫಿಟ್ಟಿಂಗು!" ಅಂದರು ಭಾವ. ನಾನು ಹಲ್ಲು ಕಚ್ಚಿಕೊಂಡೆ.

"ಆ ಕಡೆ ಸರೀರಿ," ಎಂದಳು ಅಕ್ಕ. ಮತ್ತೆ ಕೀ ತಿರುಗಿಸಿ ಆಕ್ಸಿಲರೇಟರ್ ತುಳಿದಳು. ಕಾರು ನರಳಿತು, ನಡುಗಿತು. ಸರಿಯಿರಿ ಅಂದರೆ ನಮ್ಮ ಭಾವ ಸರಿಯುವವರೇ? ಒಳಗೆ ಏನಾಗುತ್ತಿದೆ ನೋಡೋಣವೆಂದು ಸೈಲೆನ್ಸರಿಗೆ ನೇರವಾಗಿ ಬಗ್ಗಿದರು.

ಢಮ್!

ಬಿರಡೆ ಅವರ ಎದೆಗೇ ಬಂದು ಬಡಿಯಿತು. ಹಿಂದೆಯೇ ಮಸಿ, ಮಣ್ಣು, ಸತ್ತ ಕಣಜ ಒಂದು. ಪರೀಕ್ಷೆಗೆಂದು ಹಾಕಿಕೊಂಡಿದ್ದ ಬಿಳಿ ಅಂಗಿ ಕಪ್ಪಗಾಯಿತು, ಮುಖದಲ್ಲಿ ಹಲ್ಲಷ್ಟೇ ಬೆಳ್ಳಗೆ ಉಳಿಯಿತು. ತೊಳೆದುಕೊಳ್ಳಲು ಹೊತ್ತೆಲ್ಲಿದೆ? ಪೇಪರು ಹಾಸಿ ಅವರನ್ನು ಕೂರಿಸಿಕೊಂಡು ಹೊರಟೆವು.

ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರು ಭಾವನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಮ್ಮ ಇವ್ರು?"

"ನಮ್ಮ ಯಜಮಾನ್ರು ಸಾರ್."

"ಎಲ್ಲಾದ್ರೂ ಬೆಂಕಿಗಿಂಕಿ ಬಿತ್ತಾ?"

"ಇಲ್ಲ ಸಾರ್," ಎಂದರು ಭಾವ, "ಟೈಲರಿಂಗು."

ಅಕ್ಕ ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು, ಹಿಂದಕ್ಕೆ ಓಡಿಸಿ ತೋರಿಸಿದಳು. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಪಾಸು!

ವಾಪಸ್ಸು ಬರುವಾಗ ಓಡಿಸಿದ್ದು ಅಕ್ಕನೇ. ಪಕ್ಕದಲ್ಲಿ ನಾನು, ಹಿಂದೆ ಪೇಪರಿನ ಮೇಲೆ ಭಾವ. ಗೆದ್ದ ಖುಷಿಯಲ್ಲಿ ಅವರ ಕಾಲೆಳೆಯೋಣ ಅನ್ನಿಸಿತು. "ಅಲ್ಲಾ ಭಾವ, ಊಟ ಮರೆತ್ರೂ ಬಿರಡೆ ಮರೆಯೋರಲ್ಲ ನೀವು. ಇವತ್ತೇ ಹೇಗೆ ಮರೆತ್ರಿ?"

ಭಾವ ಕಿಟಕಿಯಾಚೆ ನೋಡುತ್ತ ಕೂತಿದ್ದರು. "ಮರೆತಿರ್ಲಿಲ್ಲ," ಎಂದರು. "ಎದ್ದ ತಕ್ಷಣ ತೆಗೆಯೋಕೆ ಹೋದೆ. ಈ ಕಾರು ಹೊರಡದೇ ಇದ್ರೇ ಚೆನ್ನಾಗಿತ್ತು ಅನ್ನಿಸ್ಬಿಡ್ತು. ಹಾಗೇ ಬಿಟ್ಟು ಬಂದೆ. ಇವಳಿಲ್ಲದೆ ಆ ಅಂಗಡೀಲಿ ದಿನವಿಡೀ ಒಬ್ಬನೇ ಹೇಗೆ ಕೂತಿರ್ಲಿ ನಾನು? ಆಮೇಲೆ ಇವಳ ಮುಖ ನೋಡಿ ಮನಸ್ಸು ತಡೀಲಿಲ್ಲ. ಎಳೆದೆ. ಆಗ ಬರ್ಲಿಲ್ಲ."

ಅಕ್ಕ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ಈಗ ಜಗಳ ಗ್ಯಾರಂಟಿ ಎಂದುಕೊಂಡೆ.

"ನೀನು ಹಿಂದೆ ಹೋಗೇ," ಎಂದಳು ನನಗೆ. ಹೋದೆ. "ಮುಂದೆ ಬನ್ರೀ."

"ಬೇಡ, ಸೀಟೆಲ್ಲ ಮಸಿಯಾಗತ್ತೆ."

"ಆಗ್ಲಿ ಬಿಡಿ," ಎಂದಳು ಅಕ್ಕ. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗು. "ಸೀಟಿಗೊಂದು ಹೊಸ ಕವರ್ ಹೊಲಿಯಿರಿ. ಗುಂಡಿ ಮಾತ್ರ ನೀವು ಹಾಕ್ಬೇಡಿ. ಸಂಜೆ ಬಂದು ನಾನೇ ಹಾಕ್ತೀನಿ."