ಸೊಳ್ಳೆ ಔಷಧಿ, ಬಸಮ್ಮಜ್ಜಿಯ ಗೋಡೆ

ಗೆಳೆಯರೇ, ಸೊಳ್ಳೆಯ ಕುಲವನ್ನೇ ನಿರ್ನಾಮ ಮಾಡಬೇಕೇ ಬೇಡವೇ ಎಂಬ ನಿಮ್ಮ ಚರ್ಚೆ ಸ್ವಲ್ಪ ನಿಲ್ಲಿಸಿ, ಇವತ್ತು ಅಂಜನಾಪುರದಲ್ಲಿ ಏನಾಯಿತು ಕೇಳಿ.

ಮಲೇರಿಯಾಕ್ಕೆ ಡಿ.ಡಿ.ಟಿ. ಹೊಡೆಯುವ ನಾವು ಪಂಪು ಹೊತ್ತು ಹೋದಾಗ ಬಸಮ್ಮಜ್ಜಿಯಷ್ಟು ಪ್ರೀತಿಯಿಂದ ಬಾಗಿಲು ತೆರೆದವರು ಇನ್ನೊಬ್ಬರಿಲ್ಲ. ಅವರ ಮೊಮ್ಮಗಳು ಚಳಿಜ್ವರದಲ್ಲಿ ನಡುಗಿ ಆಗಷ್ಟೇ ಎದ್ದು ಕೂತಿದ್ದಳು. "ಹೊಡೀರಪ್ಪ, ಅದರ ವಂಶ ನಿರ್ವಂಶ ಆಗ್ಲಿ!" ಎನ್ನುತ್ತ ಅಜ್ಜಿ ತಾವೇ ಪಾತ್ರೆ, ಹಾಸಿಗೆಗಳನ್ನೆಲ್ಲ ಅಂಗಳಕ್ಕೆ ಸಾಗಿಸಿದರು. ಹೊಡೆದು ಮುಗಿಸಿದ ಮೇಲೆ ಮಜ್ಜಿಗೆಯನ್ನೂ ಕೊಟ್ಟರು.

ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸಾಗುವಾಗ ನೋಡುತ್ತೇನೆ, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಒಳಗಿನ ಗೋಡೆಗೆಲ್ಲ ಸಗಣಿ, ಕೆಮ್ಮಣ್ಣು ಬಳಿದು ಮುಗಿಸುತ್ತಿದ್ದಾರೆ. ಔಷಧಿಯ ಒಂದು ಬಿಳಿ ಚುಕ್ಕೆಯೂ ಉಳಿದಿಲ್ಲ!

"ಏನಜ್ಜಿ ಇದು?" ಎಂದೆ.

"ನೀವು ಸೊಳ್ಳೆ ಓಡಿಸಿದ್ರಿ, ನಾನು ವಾಸ್ನೆ ಓಡಿಸ್ದೆ. ಆ ಗೋಡೆ ನೋಡಾಕೆ ಆಗ್ತಿರ್ಲಿಲ್ಲ ತಮ್ಮಾ."

"ಔಷಧಿ ಗೋಡೆ ಮೇಲೇ ಇರಬೇಕು ಅಜ್ಜಿ. ಸೊಳ್ಳೆ ಬಂದು ಅದರ ಮೇಲೆ ಕೂತ್ರೇನೇ ಸಾಯೋದು."

"ಸಾಯಾಕೆ ಅದಕ್ಕೆ ನನ್ನ ಗೋಡೆನೇ ಬೇಕಾ?"

ಕೊನೆಗೆ ಮೊಮ್ಮಗಳ ಬಾಡಿದ ಮುಖ ತೋರಿಸಿ ಬೇಡಿಕೊಂಡೆ. ಅಜ್ಜಿ ಕರಗಿದರು. ಗೋಡೆ ಒಣಗುವವರೆಗೆ ಕಾದು ಮತ್ತೆ ಹೊಡೆದೆವು. "ಗೌರಿ ಹಬ್ಬದ ತನಕ ಕೈ ಹಚ್ಚಲ್ಲ. ಹಬ್ಬಕ್ಕೆ ಮಾತ್ರ ಬಳೀದೆ ಇರಾಕಾಗಲ್ಲ ನೋಡ್ರಿ" ಎಂದು ಮಾತು ಕೊಟ್ಟರು.

ಇನ್ನು ನೀವು ಚರ್ಚೆ ಮುಂದುವರಿಸಿ. ಸರ್ಕಾರ ಸೊಳ್ಳೆಗೆ ಮರಣದಂಡನೆ ವಿಧಿಸಿದೆ. ಗೌರಿ ಹಬ್ಬಕ್ಕೆ ಬಸಮ್ಮಜ್ಜಿ ಕ್ಷಮಾದಾನ ಕೊಡುತ್ತಾರೆ.