ಫರ್ಡಿನಾಂಡ್ ಜುಂಬ್ಲೆಗೆ ಬಂದ ಕಾಗದ

ಕೇಪ್ ಕೋಸ್ಟ್ ಪೇಟೆಯಲ್ಲಿ ಬಣ್ಣದ ಡಬ್ಬಿ ಮಾರುವ ಎಕೊ ಬೆಂಟ್ಸಿಲ್ ಅವರಿಗೆ ಹೊಸ ಅಂಚೆಚೀಟಿಗಳ ಮೇಲೆ ಆಸೆಯಿಲ್ಲ. ಅವರಿಗೆ ಬೇಕಾದದ್ದು ಊರೂರು ಅಲೆದು, ಮೈತುಂಬ ಮೊಹರು ಹೊಡೆಸಿಕೊಂಡು, ಸುಸ್ತಾಗಿ ಬಂದ ಲಕೋಟೆ. ಸಮುದ್ರಕ್ಕೆ ಬಿದ್ದದ್ದು, ಇಲಿ ಕಡಿದದ್ದು, ದಾರಿ ತಪ್ಪಿ ಬ್ರೆಜಿಲ್ ನೋಡಿ ಬಂದದ್ದು, ಎಲ್ಲವೂ ಅವರ ಮಂಚದ ಕೆಳಗಿವೆ. ಮಂಚದ ಮೇಲೆ ಮಲಗಲು ಹೆಂಡತಿ ಅರಬಾಗೆ ಇನ್ನೂ ಅವಕಾಶವಿದೆ.

ಇಲ್ಲದ್ದು ಒಂದೇ, ಕ್ರೊಫುಸೆಯ ಬೆರಳು. ಆ ಒಳನಾಡಿನ ಊರಿನ ಅಂಚೆ ಕಚೇರಿಯಲ್ಲಿ ಬ್ರಿಟಿಷರ ಕಾಲದ ಮೊಹರೊಂದು ಉಳಿದಿತ್ತು. ತೋರುಬೆರಳು ಚಾಚಿದ ಕೈ, ಅದರ ಕೆಳಗೆ 'ಇಂಥವರು ಇಲ್ಲಿಲ್ಲ, ವಾಪಸು' ಎಂಬ ಬರಹ. ಈಸ್ಟರ್‌ಗೆ ಮೊದಲು ಕಚೇರಿ ಮುಚ್ಚಲಿತ್ತು. ಬೆರಳು ಬಿದ್ದ ಲಕೋಟೆ ಸಿಕ್ಕರೆ ಸಂಗ್ರಾಹಕರ ಸಂಘದ ಪ್ರದರ್ಶನದಲ್ಲಿ ಎಕೊ ಅವರ ಚೌಕಟ್ಟು ಭರ್ತಿಯಾಗುತ್ತಿತ್ತು. ಸಿಗದಿದ್ದರೆ ಬಹುಮಾನ ಮತ್ತೆ ಹಲ್ಲಿನ ಡಾಕ್ಟರ್ ಫೀಫಿ ಆರ್ಥರ್ ಪಾಲು.

ಇಲ್ಲದ ಮನುಷ್ಯನಿಗೆ ಕಾಗದ ಹಾಕಿದರೆ ಮುಗಿಯಿತು ಎಂದುಕೊಂಡ ಎಕೊ, ಕ್ವೇಕು ಆಂಪಿಯಾ, ಕ್ರೊಫುಸೆ ಎಂದು ಬರೆದು, ಹಿಂಬದಿಗೆ ತಮ್ಮ ವಿಳಾಸ ಹಾಕಿ, ಒಳಗೆ ಖಾಲಿ ಹಾಳೆ ಇಟ್ಟು ಕಳಿಸಿದರು. ಆ ಸೀಮೆಯಲ್ಲಿ ಬುಧವಾರ ಹುಟ್ಟಿದ ಗಂಡಸರೆಲ್ಲ ಕ್ವೇಕು ಎಂಬುದು, ಗುರುವಾರ ಹುಟ್ಟಿದ್ದಕ್ಕೆ ಎಕೊ ಎನಿಸಿಕೊಂಡ ಅವರಿಗೆ ಹೊಳೆಯಲೇ ಇಲ್ಲ. ಮುಂದಿನ ಶನಿವಾರ ಸಾವಿನ ಮನೆಗೆ ಉಡುವ ಕಪ್ಪು ಕೆಂಪು ಬಟ್ಟೆ ಸುತ್ತಿಕೊಂಡ ಒಂದು ವ್ಯಾನು ಜನ ಅಂಗಡಿ ಮುಂದೆ ಇಳಿದರು.

"ನಾನೇ ಕ್ವೇಕು ಆಂಪಿಯಾ," ಎಂದ ಮುಂದಿದ್ದವನು, ಕಣ್ಣೊರೆಸಿಕೊಳ್ಳುತ್ತ. "ಬರೆಯೋಕೂ ಕೈ ಬರದಷ್ಟು ದುಃಖ ಅಂದ್ರೆ ಯಾರೋ ದೊಡ್ಡವರೇ ಹೋಗಿರ್ಬೇಕು. ಯಾರಣ್ಣ ಹೋದದ್ದು?"

ಯಾರೂ ಸತ್ತಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. ಅರಬಾ ಎಲ್ಲರಿಗೂ ಕೆಂಕೆ ಎಂಬ ಜೋಳದ ಕಡುಬು, ಮೀನು ಬಡಿಸಿದಳು.

"ಇನ್ನೊಂದ್ಸಲ ಕಾಗದ ಹಾಕೋದಿದ್ರೆ ಮೊದ್ಲೇ ಹೇಳಿ," ಎಂದಳು ಗಂಡನಿಗೆ. "ಮೀನು ಜಾಸ್ತಿ ತರಿಸ್ತೀನಿ."

ಈ ಸಲ ಎಕೊ ಭೂಮಿಯ ಮೇಲೆ ಯಾರಿಗೂ ಇರಲಾರದ ಹೆಸರನ್ನು ಕಟ್ಟಿದರು: ಫರ್ಡಿನಾಂಡ್ ಜುಂಬ್ಲೆ. ಲಕೋಟೆ ಹೋಯಿತು. ಎರಡು ವಾರ ಸದ್ದಿಲ್ಲ. ಆಮೇಲೆ ಬಂದದ್ದು ಲಕೋಟೆಯಲ್ಲ, ಫರ್ಡಿನಾಂಡ್ ಜುಂಬ್ಲೆಯ ನಾಮಕರಣದ ಕರೆಯೋಲೆ.

ನಡೆದದ್ದು ಇಷ್ಟು. ಕ್ರೊಫುಸೆಯ ಪೋಸ್ಟ್‌ಮಿಸ್ಟ್ರೆಸ್ ಮೇಡಮ್ ಮನ್ಸಾ ಅವರ ಪ್ರಕಾರ ಕಾಗದವನ್ನು ವಾಪಸು ಕಳಿಸುವುದೆಂದರೆ ಮನೆಗೆ ಬಂದ ಅತಿಥಿಯನ್ನು ಅಂಗಳದಿಂದಲೇ ಅಟ್ಟಿದಂತೆ. ಅವರು ಸಂತೆಯಲ್ಲಿ ಕೂಗಿಸಿದರು, ಚರ್ಚಿನಲ್ಲಿ ಓದಿಸಿದರು. ಜುಂಬ್ಲೆ ಸಿಗಲಿಲ್ಲ. ಅದೇ ವಾರ ಮುದುಕ ಒಪಾನಿನ್ ಬೂಡು ಅವರಿಗೆ ಮೊಮ್ಮಗ ಹುಟ್ಟಿದ. ಕಾಗದ ಮುಂದಾಗಿ ಬಂದಿದೆ, ಕೂಸು ಅದನ್ನೇ ಹುಡುಕಿಕೊಂಡು ಬಂದಿದೆ ಎಂದು ಅಜ್ಜ ತೀರ್ಮಾನಿಸಿದರು.

ಎಕೊ ಹೊರಟೇಬಿಟ್ಟರು. ನಿಜ ಹೇಳಿದರೆ ಮೇಡಮ್ ಮೊಹರು ಹೊಡೆಯಲೇಬೇಕು ಎಂಬುದು ಅವರ ಲೆಕ್ಕ. ಹೋದೊಡನೆ ಕೂಸನ್ನು ಅವರ ತೊಡೆಗೇ ಹಾಕಿದರು. ಬೂಡು ಕೂಸಿನ ನಾಲಿಗೆಗೆ ನೀರು ಮುಟ್ಟಿಸಿ, "ನೀರಂದ್ರೆ ನೀರೇ ಅನ್ನಪ್ಪ," ಎಂದರು. ಹೆಂಡ ಮುಟ್ಟಿಸಿ, "ಹೆಂಡ ಅಂದ್ರೆ ಹೆಂಡಾನೇ ಅನ್ನು. ಸುಳ್ಳಾಡಬೇಡ," ಎಂದರು. ಕೂಸು ಹೆಂಡಕ್ಕೆ ಬಾಯಿ ಚಪ್ಪರಿಸಿತು. "ಈಗ ಹೇಳಿ, ಈ ಜುಂಬ್ಲೆ ಅನ್ನೋರು ಎಂಥ ದೊಡ್ಡ ಮನುಷ್ಯರು?" ಎಂದು ಬೂಡು ಎಕೊ ಕಡೆ ತಿರುಗಿದರು.

"ಅಂಥ ಮನುಷ್ಯ ಇಲ್ಲ ಅಜ್ಜ," ಎಂದರು ಎಕೊ. "ನಾನೇ ಕಟ್ಟಿದ ಹೆಸರು. ಮೇಡಮ್, ಇಂಥವರು ಇಲ್ಲಿಲ್ಲ. ಒಂದು ಮೊಹರು ಒತ್ತಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬೂಡು ತಲೆ ಕೆರೆದುಕೊಂಡರು.

"ಬೆಳಗಿನವರೆಗೆ ಇರಲಿಲ್ಲ, ಸರಿ. ಹಿರಿಯರಿಗೆ ಹೆಸರು ಹೇಳಿ ಆಯ್ತು. ಈಗ ಇದ್ದಾನಲ್ಲ. ನಿಮ್ಮ ತೊಡೆ ಮೇಲೇ ಇದ್ದಾನೆ."

ಇದ್ದಾನೆ ಎಂಬುದಕ್ಕೆ ಅಷ್ಟರಲ್ಲಿ ಎಕೊ ಅವರ ಪ್ಯಾಂಟೇ ಸಾಕ್ಷಿಯಾಗಿತ್ತು.

"ಇರೋ ಮನುಷ್ಯನ್ನ ಇಲ್ಲ ಅಂತ ಒತ್ತಿದ್ರೆ ನನ್ನ ಕೆಲಸ ಹೋಗುತ್ತೆ," ಎಂದರು ಮೇಡಮ್.

"ಮುಂದಿನ ವಾರ ಕಚೇರೀನೇ ಮುಚ್ಚುತ್ತಲ್ಲ ಮೇಡಮ್?"

"ಅಲ್ಲೀತನಕ ಇದೆ."

ಲಕೋಟೆಯನ್ನಾದರೂ ಕೊಡಿ ಎಂದು ಎಕೊ ಬೇಡಿಕೊಂಡರು. ಅದು ಜುಂಬ್ಲೆಯ ಸ್ವತ್ತು, ಕೇಳುವುದಿದ್ದರೆ ಅವನನ್ನೇ ಕೇಳಬೇಕು ಎಂದರು ಬೂಡು. ಎಕೊ ಕೂಸಿನ ಮುಖ ನೋಡಿದರು. ಅದು ಆಕಳಿಸಿತು. ಅತಿಥಿಗೆಂದು ಕೊಟ್ಟ ಗೆಣಸು, ಒಂದು ಕೋಳಿ ಹೊತ್ತು ಅವರು ಊರಿಗೆ ಮರಳಿದರು.

ಈಸ್ಟರ್ ಪ್ರದರ್ಶನದಲ್ಲಿ ಎಕೊ ಅವರ ಚೌಕಟ್ಟಿನ ಮೂಲೆ ಖಾಲಿಯಿತ್ತು. ಅಲ್ಲಿ ಒಂದು ಚೀಟಿ ಮಾತ್ರ: 'ಈ ಲಕೋಟೆ ಕ್ರೊಫುಸೆಯ ಫರ್ಡಿನಾಂಡ್ ಜುಂಬ್ಲೆ ಅವರ ವಶದಲ್ಲಿದೆ. ಮಾತುಕತೆ ಆರಂಭವಾಗಬೇಕಿದೆ.'

ಬಹುಮಾನದ ಬಟ್ಟಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ ಡಾಕ್ಟರ್ ಆರ್ಥರ್ ಅದನ್ನು ಎರಡು ಸಲ ಓದಿದರು.

"ಯಾರಪ್ಪ ಈ ಜುಂಬ್ಲೆ? ಹೆಸರೇ ಕೇಳಿಲ್ಲ. ದೊಡ್ಡ ಕುಳವೋ?"

"ಹೊಸಬರು," ಎಂದರು ಎಕೊ. "ಮಾತು ಕಮ್ಮಿ. ಯಾರು ಎಷ್ಟು ಕೊಡ್ತೀನಂದ್ರೂ ಬಗ್ಗೋದಿಲ್ಲ."

"ನನ್ನ ಹತ್ರ ಬಗ್ತಾರೆ. ವಿಳಾಸ ಹೇಳು."

ಎಕೊ ನಿಧಾನವಾಗಿ, ಬಿಡಿಬಿಡಿಯಾಗಿ ವಿಳಾಸ ಬರೆಸಿದರು. ಹೋಗುವಾಗ ಕೈಯಲ್ಲೊಂದು ಗಿಲಕಿ ಇರಲಿ, ಅವರಿಗೆ ಇಷ್ಟ ಎಂದೂ ಹೇಳಿದರು. ಡಾಕ್ಟರು ಅದನ್ನೂ ಬರೆದುಕೊಂಡರು.