ಸತ್ತವನಿಗೆ ಆರಾಮಿಲ್ಲ

ಆಗ ನನಗೆ ಐವತ್ತೆಂಟು. ಅದಾಗಿ ಇಪ್ಪತ್ತು ವರ್ಷವಾಯಿತು. ಗೋಕಾಕದ ಇಂಟರ್ನೆಟ್ ಅಂಗಡಿಯಿಂದ ಸೊಸೆ ಅಳುತ್ತ ಬಂದಳು. ಧಾರಾವಾಹಿ ನೋಡುವವರು ಕಂಪ್ಯೂಟರಿನಲ್ಲಿ ಬರೆದು ಮಾತಾಡಿಕೊಳ್ಳುವ ಗುಂಪೊಂದು ಆಕೆಗಿತ್ತು.

“ಗುಂಪಿನಿಂದ ಹೊರಗ ಹಾಕ್ತಾರಂತ್ರಿ, ಅತ್ತಿ.”

“ಏನ್ ಕದ್ದಿ?”

“ನಾಯಕ ಸತ್ತ ಅಂತ ಬರದೆ. ‘ಇನ್ನೂ ನೋಡದವರು ಓದಬ್ಯಾಡ್ರಿ’ ಅಂತ ಮೊದಲ ಬರೀಬೇಕಿತ್ತಂತ.”

ಖರೆ ಸತ್ತವರ ಸುದ್ದಿಯನ್ನು ನಾವು ಬೀಗರಿಗೆ “ಆರಾಮಿಲ್ಲ, ಬರ್ರಿ” ಎಂದೇ ಹೇಳಿಕಳಿಸುವುದು. ಬಣ್ಣ ಹಚ್ಚಿಕೊಂಡು ಸತ್ತವನಿಗೂ ಆ ಮರ್ಯಾದೆ ಯಾಕೆಂದು ನನಗೆ ತಿಳಿಯಲಿಲ್ಲ. “ತಪ್ಪಾತು ಅಂತ ಬರಿ, ಹೋಗು” ಎಂದು ತಿರುಗಿ ಕಳಿಸಿದೆ.

ಮರುದಿನ ಬೆಳಿಗ್ಗೆ ಬಾಜೂಮನೆಯಾಕೆ ಬಂದಳು. ಕೌಜಲಗಿಯ ತವರಿನಲ್ಲಿ ಕರೆಂಟಿಲ್ಲದೆ ಧಾರಾವಾಹಿ ತಪ್ಪಿಸಿಕೊಂಡಿದ್ದಳು.

“ಯವ್ವಾ, ಕಥಿ ಎಲ್ಲಿಗಿ ಬಂತು?”

ಸೊಸೆಯ ಮುಖ ನೋಡಿದೆ. “ನಾಯಕಗ ಆರಾಮಿಲ್ಲ” ಎಂದೆ.

“ಅಯ್ಯ, ಸತ್ತನೇನು!” ಎಂದು ಆಕೆ ಕಟ್ಟೆಯ ಮೇಲೆ ಕುಸಿದಳು.

ಒಳಗೆ ಹೋಗಿ ಚಹಾಕ್ಕಿಟ್ಟೆ.